ಹಾಸ್ಟೆಲ್ಲೋ, ರೂಮೋ, ನೆಂಟರ ಮನೆಯೋ: ಓದಲು ಮನೆ ಬಿಟ್ಟು ಹೊರಟವರಿಗೆ

ಸೀಟು ಸಿಕ್ಕಿತು. ಫೀಸು ಕಟ್ಟಿ ಆಯಿತು. ಈಗ ಉಳಿದಿರುವುದು ಒಂದೇ ಪ್ರಶ್ನೆ, ಇರುವುದೆಲ್ಲಿ? ಈ ಮಾತು ಬಂದ ಕೂಡಲೇ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ರಾಗ. ಅಮ್ಮನಿಗೆ ನೆಂಟರ ಮನೆಯೇ ಆಗಬೇಕು, ಅಪ್ಪನಿಗೆ ಖರ್ಚು ಕಡಿಮೆ ಇರುವ ಹಾಸ್ಟೆಲ್ ಆಗಬೇಕು, ಹೋಗಿ ಇರಬೇಕಾದವರಿಗೆ ಮಾತ್ರ ಯಾರ ಕಾಟವೂ ಇಲ್ಲದ ಸ್ವಂತ ರೂಮು ಬೇಕು. ನಾನೂ ಹಾಗೇ ಹಟ ಹಿಡಿದು ಒಂಟಿ ರೂಮು ಮಾಡಿಕೊಂಡವಳು. ಒಂದೇ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಗಂಟುಮೂಟೆ ಕಟ್ಟಿ ಹಾಸ್ಟೆಲ್ಲಿಗೆ ಬಂದವಳೂ ನಾನೇ. ಹಾಗಾಗಿ ಇಲ್ಲಿ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

ಎಲ್ಲರೂ ಹೋಲಿಸಿ ನೋಡುವುದು ಬಾಡಿಗೆ, ದೂರ, ವೈಫೈ, ಬಾತ್‌ರೂಮು. ಅವೆಲ್ಲ ನೋಡಬೇಕು, ಬೇಡ ಅನ್ನುವುದಿಲ್ಲ. ಆದರೆ ಮೊದಲ ವರ್ಷದ ಮಟ್ಟಿಗೆ ಅದಕ್ಕೂ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಜಾಗದಲ್ಲಿ ನಾನು ಸುಮ್ನೆ ಓಡಾಡಿಕೊಂಡಿದ್ದರೂ ದಿನಕ್ಕೆ ಎಷ್ಟು ಜನ ಎದುರಿಗೆ ಸಿಗುತ್ತಾರೆ? ಸರಿ ಹೋಗದಿದ್ದರೆ ಎಷ್ಟು ಬೇಗ, ಎಷ್ಟು ಕಡಿಮೆ ನಷ್ಟದಲ್ಲಿ ಖಾಲಿ ಮಾಡಬಹುದು? ಈ ಎರಡಕ್ಕೂ ಒಳ್ಳೆ ಉತ್ತರ ಕೊಡುವ ಜಾಗದಲ್ಲಿ ನಲ್ಲಿ ಸ್ವಲ್ಪ ಸೋರಿದರೂ ನಡೆಯುತ್ತದೆ.

ಹಾಸ್ಟೆಲ್ ಮತ್ತು ಹೊರಗಿನ ಒಂಟಿ ರೂಮು

ಹಾಸ್ಟೆಲ್ಲಿನ ತೊಂದರೆ ನಾನು ಹೇಳಬೇಕಾಗಿಯೇ ಇಲ್ಲ. ಗಲಾಟೆ. ಸ್ನಾನಕ್ಕೆ ಸಾಲು. ಗೇಟು ಹಾಕುವ ಹೊತ್ತಿನ ಕಟ್ಟುಪಾಡು. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಗೆ ಯಾರದೋ ಹುಟ್ಟುಹಬ್ಬ. ಹೊರಗಿನ ರೂಮಿನಲ್ಲಿ ಇದ್ಯಾವುದೂ ಇಲ್ಲ, ಚಿಲಕ ಹಾಕಿದರೆ ಲೋಕವೇ ಹೊರಗೆ. ಮೊದಲ ವಾರ ನನಗೆ ಅದು ಸ್ವರ್ಗದ ಹಾಗೆ ಕಂಡಿತ್ತು. ಮೂರನೇ ವಾರ ಒಂದು ಭಾನುವಾರ ಸಂಜೆ ಗಮನಕ್ಕೆ ಬಂತು, ಶುಕ್ರವಾರ ಕ್ಲಾಸು ಮುಗಿದ ಮೇಲೆ ಫೋನು ಬಿಟ್ಟರೆ ನಾನು ಬಾಯಿ ತೆರೆದು ಮಾತಾಡಿದ್ದು ಒಂದೇ ಸಲ, ಅದೂ ಅಂಗಡಿಯವರಿಗೆ ಚೀಲ ಬೇಡ ಅಂತ ಹೇಳುವುದಕ್ಕೆ.

ನಾನು ಮಾತು ಕಡಿಮೆಯವಳು, ಅದಕ್ಕೇ ಹೀಗಾಯಿತು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇದರಲ್ಲಿ ಸ್ವಭಾವದ ಪಾಲಿಗಿಂತ ಬಾಗಿಲಿನ ಪಾಲು ಜಾಸ್ತಿ. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು ಅಮೆರಿಕದ ಎಂಐಟಿ ಅನ್ನುವ ತಾಂತ್ರಿಕ ಯೂನಿವರ್ಸಿಟಿಯ ವಿದ್ಯಾರ್ಥಿ ವಸತಿಯಲ್ಲಿ ಯಾರು ಯಾರಿಗೆ ಸ್ನೇಹಿತರಾದರು ಅಂತ ವಿಚಾರಿಸಿ 1950ರಲ್ಲಿ ಪ್ರಕಟಿಸಿದರು. ಅಲ್ಲಿ ಮನೆಗಳನ್ನು ಕೊಟ್ಟಿದ್ದು ಖಾಲಿಯಾದ ಹಾಗೆ, ಇವರೇ ಆರಿಸಿಕೊಂಡದ್ದಲ್ಲ. ಆದರೂ ಪಕ್ಕದ ಮನೆಯವರಿಬ್ಬರು ಆಪ್ತರಾದದ್ದು ನೂರಕ್ಕೆ 41 ಸಲ, ಒಂದು ಮನೆ ಬಿಟ್ಟು ಆಚೆಯವರಾದರೆ 22, ಸಾಲಿನ ಎರಡು ತುದಿಯವರಾದರೆ ಬರೀ 10. ಎಲ್ಲರೂ ಇದ್ದದ್ದು ಒಂದೇ ಕಟ್ಟಡದಲ್ಲಿ, ನಡೆಯಬೇಕಾದದ್ದು ನಾಲ್ಕಾರು ಹೆಜ್ಜೆ ಅಷ್ಟೇ. ಮೆಟ್ಟಿಲ ಬಳಿಯ ಮನೆಯವರಿಗೆ ಮೇಲಿನ ಮಹಡಿಯ ಸ್ನೇಹಿತರು ಜಾಸ್ತಿ, ಯಾಕೆಂದರೆ ಮೇಲಿನವರು ಹತ್ತಿ ಇಳಿಯುವಾಗ ಮುಖ ಕಾಣುವುದು ಇವರದೇ. ಇದನ್ನು ಓದಿದ ಮೇಲೆ ಹಾಸ್ಟೆಲ್ಲಿನಲ್ಲಿ ರೂಮು ಆರಿಸುವ ಅವಕಾಶ ಸಿಕ್ಕಾಗ ಎಲ್ಲರೂ ಮೂಲೆಯ ರೂಮಿಗೆ ಮುಗಿಬಿದ್ದರೆ ನಾನು ನೀರು ಹಿಡಿಯುವ ಜಾಗದ ಎದುರಿನ ರೂಮು ಕೇಳಿದೆ. ಸದ್ದು ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬಾಟಲಿ ಹಿಡಿದು ಬಂದವರೆಲ್ಲ ನೀರು ತುಂಬುವಷ್ಟು ಹೊತ್ತು ಬಾಗಿಲಲ್ಲಿ ನಿಂತು ಏನಾದರೂ ಮಾತಾಡಿಯೇ ಹೋಗುತ್ತಿದ್ದರು.

ಇನ್ನೊಂದು ಲೆಕ್ಕ ಇದೆ. ಅಮೆರಿಕದ ಕಾನ್ಸಸ್ ಯೂನಿವರ್ಸಿಟಿಯ ಸಂಶೋಧಕ ಜೆಫ್ರಿ ಹಾಲ್ 2018ರಲ್ಲಿ ಹೇಳಿದ ಪ್ರಕಾರ ಪರಿಚಯದವರು ಸಾಧಾರಣ ಸ್ನೇಹಿತರಾಗಲು ಸುಮಾರು 50 ಗಂಟೆ ಜೊತೆಗಿರಬೇಕು, ನಿಜವಾಗಿ ಸ್ನೇಹಿತರು ಅನ್ನಿಸಿಕೊಳ್ಳಲು 90 ಗಂಟೆ, ಆಪ್ತರಾಗಲು 200 ದಾಟಬೇಕು. ಅಂದಾಜು ಲೆಕ್ಕ ಅಂತ ಇಟ್ಟುಕೊಳ್ಳಿ. ಹಾಸ್ಟೆಲ್ಲಿನಲ್ಲಿ ಊಟ, ಸಂಜೆಯ ಓಡಾಟ, ರಾತ್ರಿಯ ಹರಟೆ ಸೇರಿ ದಿನಕ್ಕೆ ಎರಡು ಗಂಟೆ ಅಂದರೂ 50 ಗಂಟೆ ಒಂದು ತಿಂಗಳೊಳಗೆ ಮುಗಿದು ಹೋಗುತ್ತದೆ. ಹೊರಗಿನ ರೂಮಿನಿಂದ ಬರುವವರಿಗೆ ಕ್ಲಾಸು ಬಿಟ್ಟ ಮೇಲೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು, ವಾರಕ್ಕೆ ಐದು ದಿನ. ಅದೇ 50 ಗಂಟೆಗೆ ಅವರಿಗೆ 20 ವಾರ ಬೇಕು! ಅಷ್ಟರಲ್ಲಿ ಸೆಮಿಸ್ಟರೇ ಮುಗಿದಿರುತ್ತದೆ.

ಹಾಗಂತ ಒಂಟಿ ರೂಮು ಯಾರಿಗೂ ಬೇಡ ಅನ್ನುತ್ತಿಲ್ಲ. ಕೆಲಸ ಮಾಡಿಕೊಂಡು ಓದುವವರು, ವಯಸ್ಸಿನಲ್ಲಿ ದೊಡ್ಡವರು, ಆರೋಗ್ಯದ ಕಾರಣಕ್ಕೆ ನಿದ್ದೆಯೂ ಊಟವೂ ಹೊತ್ತಿಗೆ ಸರಿಯಾಗಿ ಆಗಲೇಬೇಕಾದವರು, ಗದ್ದಲದಲ್ಲಿ ನಿಜವಾಗಲೂ ಒದ್ದಾಡುವವರು ಅದನ್ನೇ ಆರಿಸಿಕೊಳ್ಳಿ. ಎರಡನೇ ವರ್ಷಕ್ಕಂತೂ ಅದು ಒಳ್ಳೆ ಆಯ್ಕೆ, ಆ ಹೊತ್ತಿಗೆ ಬಾಗಿಲು ತಟ್ಟುವ ನಾಲ್ಕು ಜನ ಇರುತ್ತಾರೆ.

ಹೊರಗೆ ಇರುವುದೇ ಆದರೆ ಬಾಯಿಮಾತನ್ನು ನಂಬಬೇಡಿ. ಕರಾರು ಬರಹದಲ್ಲಿರಲಿ. ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು, ಮುಂಗಡ ಯಾವಾಗ ವಾಪಸ್ಸು ಬರುತ್ತದೆ, ಯಾವುದಕ್ಕೆಲ್ಲ ಮುರಿದುಕೊಳ್ಳುತ್ತಾರೆ, ಕರೆಂಟು ನೀರಿನ ಬಿಲ್ಲು ಯಾರ ಲೆಕ್ಕಕ್ಕೆ, ರಿಪೇರಿ ಯಾರು ಮಾಡಿಸಬೇಕು, ಇಷ್ಟೂ ಅದರಲ್ಲಿ ಇದೆಯಾ ನೋಡಿ. ಕೀಲಿ ಕೈಗೆ ಬಂದ ದಿನವೇ ಸಾಮಾನು ಒಳಗೆ ಇಡುವ ಮುಂಚೆ ಗೋಡೆ, ನೆಲ, ಕಿಟಕಿ, ಬಚ್ಚಲು ಎಲ್ಲದರ ಫೋಟೊ ತೆಗೆದು ಮನೆ ಮಾಲೀಕರಿಗೇ ಕಳಿಸಿಬಿಡಿ. ನಾನು ಫೋಟೊ ತೆಗೆಯಲಿಲ್ಲ. ಖಾಲಿ ಮಾಡುವಾಗ ಮಂಚದ ಹಿಂದಿನ ಗೋಡೆಯ ಕಲೆ ನನ್ನದೇ ಅಂತ ಆಯಿತು, ಮುಂಗಡದಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಆ ಕಲೆ ನನಗಿಂತ ಹಳೆಯದು, ಆದರೆ ಹಾಗಂತ ತೋರಿಸಲು ಕೈಯಲ್ಲಿ ಏನಿತ್ತು?

ಮೂರ್ನಾಲ್ಕು ಜನ ಸೇರಿ ಮನೆ ಮಾಡುವುದು

ಇದು ನಡುವಿನ ದಾರಿ. ಜನರೂ ಇರುತ್ತಾರೆ, ಗೇಟಿನ ಹೊತ್ತೂ ಇಲ್ಲ, ತಲೆಗೆ ಬೀಳುವ ಖರ್ಚೂ ಒಂಟಿ ರೂಮಿಗಿಂತ ಕಡಿಮೆ. ಆದರೆ ಇಲ್ಲಿ ಜಗಳ ಆಗುವುದು ದೊಡ್ಡ ವಿಷಯಕ್ಕಲ್ಲ, ತೊಳೆಯದ ಪಾತ್ರೆಗೆ. ಹಾಸ್ಟೆಲ್ಲಿನಲ್ಲಿ ಕಸ ಗುಡಿಸುವವರು ಬೇರೆ, ಇಲ್ಲಿ ನೀವೇ. ಯಾರು ಯಾವ ದಿನ ಏನು ಮಾಡಬೇಕು ಅಂತ ಮೊದಲ ದಿನವೇ ಚೀಟಿ ಬರೆದು ಗೋಡೆಗೆ ಅಂಟಿಸಿ. ಆಗ ನಗು ಬರುತ್ತದೆ, ಎರಡನೇ ತಿಂಗಳು ಅದೇ ಚೀಟಿ ಕಾಪಾಡುತ್ತದೆ. ಕರಾರಿನಲ್ಲಿ ಒಬ್ಬರದೇ ಹೆಸರಿದ್ದರೆ ಮಿಕ್ಕವರು ಎದ್ದು ಹೋದಾಗ ಪೂರ್ತಿ ಬಾಡಿಗೆ ಆ ಒಬ್ಬರ ತಲೆಯ ಮೇಲೆ. ಎಲ್ಲರ ಹೆಸರಿದ್ದರೂ ಒಬ್ಬರು ಬಿಟ್ಟರೆ ಉಳಿದವರು ತುಂಬಿಕೊಡಬೇಕಾ ಅಂತ ಓದಿ ನೋಡಿ. ನನ್ನ ಎರಡನೇ ಪ್ರಶ್ನೆ, ಅಂದರೆ ಹೊರಗೆ ಬರುವುದು ಎಷ್ಟು ಸುಲಭ ಅನ್ನುವುದು, ಅದಕ್ಕೆ ಎಲ್ಲಕ್ಕಿಂತ ಕೆಟ್ಟ ಉತ್ತರ ಕೊಡುವುದು ಇದೇ. ಮೊದಲ ವರ್ಷವೇ, ಇನ್ನೂ ಸರಿಯಾಗಿ ಮುಖ ನೋಡದವರ ಜೊತೆ, ವರ್ಷದ ಕರಾರಿಗೆ ಸಹಿ ಹಾಕಬೇಡಿ ಅಂತಲೇ ನನ್ನ ಸಲಹೆ.

ನೆಂಟರ ಮನೆ

ಖರ್ಚು ಕಡಿಮೆ, ಜ್ವರ ಬಂದರೆ ನೋಡಿಕೊಳ್ಳುವವರಿದ್ದಾರೆ, ಅಮ್ಮನಿಗೆ ನಿದ್ದೆ ಬರುತ್ತದೆ. ಕೊನೆಯದು ಸಣ್ಣ ವಿಷಯವಲ್ಲ. ಆದರೆ ಅಲ್ಲಿ ನೀವು ಪೂರ್ತಿ ಅತಿಥಿಯೂ ಅಲ್ಲ, ಪೂರ್ತಿ ಮನೆಯವರೂ ಅಲ್ಲ. ಲೈಟು ಎಷ್ಟು ಹೊತ್ತಿನ ತನಕ ಹಾಕಿಕೊಳ್ಳಬಹುದು, ಸ್ನೇಹಿತರನ್ನು ಕರೆದುಕೊಂಡು ಬರಬಹುದಾ, ಮನೆ ಕೆಲಸಕ್ಕೆ ಎಷ್ಟು ಕೈ ಹಾಕಬೇಕು, ಯಾವುದನ್ನೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀವೇ ಊಹಿಸಬೇಕು, ಊಹೆ ತಪ್ಪಿದರೆ ಅದು ನಿಮಗಿಂತ ಮುಂಚೆ ನಿಮ್ಮ ಅಪ್ಪನಿಗೆ ಗೊತ್ತಾಗುತ್ತದೆ. ಎಲ್ಲಕ್ಕಿಂತ ಕಷ್ಟ ಅಂದರೆ ಬಿಟ್ಟು ಬರುವುದು. ಹಾಸ್ಟೆಲ್ ಬಿಡಲು ಒಂದು ಅರ್ಜಿ ಸಾಕು, ನೆಂಟರ ಮನೆ ಬಿಡಲು ಕಾರಣ ಬೇಕು, ಯಾವ ಕಾರಣ ಕೊಟ್ಟರೂ ಯಾರಿಗಾದರೂ ಬೇಜಾರು. ಇಷ್ಟಾಗಿಯೂ ಹೋಗುವುದಾದರೆ ಶುರುವಿನಲ್ಲೇ ಒಂದು ಗಡುವು ಹೇಳಿಬಿಡಿ, "ಮೊದಲ ಸೆಮಿಸ್ಟರ್ ಇಲ್ಲಿರುತ್ತೇನೆ, ಆಮೇಲೆ ಹಾಸ್ಟೆಲ್ ನೋಡಿಕೊಳ್ಳುತ್ತೇನೆ" ಅಂತ. ಅವರಿಗೂ ಅದು ಹಗುರ, ಬಾಯಿಬಿಟ್ಟು ಹೇಳದಿರಬಹುದು ಅಷ್ಟೇ.

ರೂಮಿನಲ್ಲಿ ಗೊತ್ತಿರುವವರಾ, ಗೊತ್ತಿಲ್ಲದವರಾ?

ಶಾಲೆಯ ಗೆಳತಿಗೂ ಅಲ್ಲೇ ಸೀಟು ಸಿಕ್ಕಿದೆ, ಇಬ್ಬರೂ ಒಂದೇ ರೂಮಿನಲ್ಲಿ ಇರೋಣ ಅಂತ ತುಂಬಾ ಜನ ಮಾಡುತ್ತಾರೆ. ಮೊದಲ ವಾರ ಇದಕ್ಕಿಂತ ಸುಖ ಇಲ್ಲ. ಇಬ್ಬರೇ ಊಟಕ್ಕೆ ಹೋಗುತ್ತೀರಿ, ಇಬ್ಬರೇ ವಾಪಸ್ಸು ಬರುತ್ತೀರಿ, ಬೇರೆಯವರಿಗೆ ನಡುವೆ ಕೂರಲು ಜಾಗವೇ ಇರುವುದಿಲ್ಲ. ಜೊತೆಗೆ ಹತ್ತು ವರ್ಷದ ಸ್ನೇಹಕ್ಕೆ ಒಂದು ಫ್ಯಾನಿನ ಸ್ವಿಚ್ಚಿನ ಜಗಳ ತಗಲಿಕೊಳ್ಳುತ್ತದೆ. ಗೆಳತಿ ಅದೇ ಕಟ್ಟಡದ ಬೇರೆ ಮಹಡಿಯಲ್ಲಿ ಇರಲಿ, ಬೇಸರವಾದಾಗ ಎರಡು ನಿಮಿಷದಲ್ಲಿ ಸಿಗುವ ಹಾಗೆ. ರೂಮಿನಲ್ಲಿ ಹೊಸಬರು ಇರಲಿ. ನನ್ನ ಮಟ್ಟಿಗೆ ಇದೇ ಸರಿ.

ಹೊಸಬರು ಹೇಗಿರುತ್ತಾರೋ ಅನ್ನುವ ಭಯ ಸುಳ್ಳಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ರೂಮಿನ ಜೊತೆಗಾರರನ್ನು ಲಾಟರಿ ಹಾಕಿದ ಹಾಗೆ ಕೊಟ್ಟಿದ್ದನ್ನು ಇಟ್ಟುಕೊಂಡು ಅರ್ಥಶಾಸ್ತ್ರಜ್ಞ ಬ್ರೂಸ್ ಸ್ಯಾಸರ್ಡೋಟ್ 2001ರಲ್ಲಿ ಲೆಕ್ಕ ಹಾಕಿದರು. ಜೊತೆಗಿರುವವರ ಪ್ರಭಾವ ಅಂಕದ ಮೇಲೂ ಕಂಡಿತು, ಯಾವ ಗುಂಪಿಗೆ ಸೇರುತ್ತಾರೆ ಅನ್ನುವುದರ ಮೇಲೂ ಕಂಡಿತು. ಯಾವ ವಿಷಯ ಆರಿಸಿಕೊಂಡು ಓದುತ್ತಾರೆ ಅನ್ನುವುದರ ಮೇಲೆ ಮಾತ್ರ ಕಾಣಲಿಲ್ಲ. ಅಂದರೆ ಪಕ್ಕದ ಮಂಚದವರು ನಿಮ್ಮ ಓದನ್ನು ಸ್ವಲ್ಪ ಎಳೆಯಬಹುದು, ತಳ್ಳಲೂಬಹುದು. ಆರಿಸುವ ಅವಕಾಶ ಇದ್ದರೆ ಇಷ್ಟದ ಹಾಡು, ಇಷ್ಟದ ಆಟ ಕೇಳುವುದು ಬಿಟ್ಟು ಮೂರು ವಿಷಯ ಕೇಳಿ: ಎಷ್ಟು ಹೊತ್ತಿಗೆ ಮಲಗುತ್ತೀರಿ, ಓದುವಾಗ ಸದ್ದು ಬೇಕಾ ಬೇಡವಾ, ರೂಮಿಗೆ ಜನ ಬಂದರೆ ಹೇಗೆ. ಮಲಗುವ ಹೊತ್ತು ಹೊಂದಿದರೆ ಮುಕ್ಕಾಲು ಪಾಲು ಹೊಂದಿದ ಹಾಗೆ.

ಮೆಸ್ಸಾ, ಸ್ವಂತ ಅಡುಗೆಯಾ? ಇದರಲ್ಲಿ ಜಾಸ್ತಿ ಹೇಳುವುದಿಲ್ಲ. ಮೊದಲ ಸೆಮಿಸ್ಟರ್ ಮೆಸ್ಸು. ರುಚಿ ಇರುವುದಿಲ್ಲ, ಗೊತ್ತು. ಅಡುಗೆ ಅಂದರೆ ಮಾಡುವುದಷ್ಟೇ ಅಲ್ಲ, ತರುವುದು, ಇಡುವುದು, ತೊಳೆಯುವುದು, ನಾಳೆ ಏನು ಅಂತ ಯೋಚಿಸುವುದು, ಮತ್ತು ಕೊನೆಗೆ ಒಬ್ಬರೇ ಕೂತು ತಿನ್ನುವುದು. ಮೆಸ್ಸನ್ನು ಬೈಯುವುದಕ್ಕಾದರೂ ನಾಲ್ಕು ಜನ ಒಂದೇ ಮೇಜಿಗೆ ಸೇರುತ್ತಾರೆ. ಯಾವುದಾದರೂ ತಿಂಡಿ ಮೈಗೆ ಆಗದವರು, ಪಥ್ಯ ಇರುವವರು ಮಾತ್ರ ಅಡುಗೆಗೆ ಅನುಕೂಲ ಇದೆಯಾ ಅಂತ ಮೊದಲೇ ವಿಚಾರಿಸಿ.

ಮೊದಲೇ ಹೋಗುವುದಾ, ಕ್ಲಾಸಿನ ದಿನ ಹೋಗುವುದಾ?

ಎರಡು ಮೂರು ದಿನ ಮೊದಲೇ ಹೋಗಿ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಬರದಿದ್ದರೆ ಅದು ನಿಮ್ಮ ಹೆದರಿಕೆ ಅಂದುಕೊಳ್ಳಬೇಡಿ. ಬ್ರೌನ್ ಯೂನಿವರ್ಸಿಟಿಯವರು 2016ರಲ್ಲಿ ತೋರಿಸಿದ ಹಾಗೆ, ಅಪರಿಚಿತ ಜಾಗದ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗುವುದಿಲ್ಲ, ಸಣ್ಣ ಸದ್ದಿಗೂ ಎಚ್ಚರವಾಗುತ್ತದೆ, ಕಾವಲು ಕೂತ ಹಾಗೆ. ಅರ್ಧ ಮಿದುಳು ಕಾವಲಿದ್ದ ರಾತ್ರಿಯ ಮರುದಿನ ಬೆಳಗ್ಗೆಯೇ ಮೊದಲ ಕ್ಲಾಸು ಯಾಕೆ ಬೇಕು? ಆ ದಿನಗಳಲ್ಲಿ ಕ್ಲಾಸಿನ ಕಟ್ಟಡಕ್ಕೆ ಒಮ್ಮೆ ನಡೆದು ನೋಡಿ, ಆಸ್ಪತ್ರೆ ಎಲ್ಲಿ, ಔಷಧಿ ಅಂಗಡಿ ಎಲ್ಲಿ, ಕೊನೆಯ ಬಸ್ಸು ಎಷ್ಟಕ್ಕೆ ಅಂತ ತಿಳಿದುಕೊಳ್ಳಿ. ಜ್ವರ ಬಂದ ಮೇಲೆ ಹುಡುಕುವುದು ಬೇರೆಯೇ ಕಥೆ.

ಸಾಮಾನಿನ ವಿಷಯ: ಎಲ್ಲವನ್ನೂ ಹೊತ್ತುಕೊಂಡು ಹೋಗುವುದಕ್ಕಿಂತ ಅಲ್ಲಿ ಕೊಳ್ಳುವುದು ವಾಸಿ, ಯಾಕೆಂದರೆ ಕಪಾಟು ಎಷ್ಟು ದೊಡ್ಡದು ಅಂತ ನಿಮಗೆ ಇನ್ನೂ ಗೊತ್ತಿಲ್ಲ. ಒಬ್ಬರೇ ಒಂದೇ ಸಲಕ್ಕೆ ಮೆಟ್ಟಿಲು ಹತ್ತಿಸಲು ಆಗುವಷ್ಟು ಸಾಕು. ಆದರೆ ಮೂಲ ದಾಖಲೆ, ಅದರ ನಾಲ್ಕು ಪ್ರತಿ, ಯಾವಾಗಲೂ ತೆಗೆದುಕೊಳ್ಳುವ ಮಾತ್ರೆ, ಕನ್ನಡಕದ ಚೀಟಿ, ಒಂದು ಗಟ್ಟಿ ಬೀಗ, ಮತ್ತು ಮನೆಯ ಹಳೇ ಹೊದಿಕೆ ಇವು ಬ್ಯಾಗಿನಲ್ಲೇ ಇರಲಿ. ಹೊದಿಕೆ ಯಾಕೆ ಅಂತ ಮೊದಲ ರಾತ್ರಿ ಗೊತ್ತಾಗುತ್ತದೆ.

ವಾರ ವಾರ ಮನೆಗಾ, ರಜೆಗೆ ಮಾತ್ರವಾ?

ನಿಜವಾದ ಕಷ್ಟ ಇರುವುದು ಇಲ್ಲಿ. ಬಸ್ಸು ಸಿಗುವಷ್ಟು ಹತ್ತಿರ ಇದ್ದರಂತೂ ಶುಕ್ರವಾರ ಬಂತು ಅಂದರೆ ಕಾಲು ತಾನಾಗಿಯೇ ಬಸ್‌ಸ್ಟ್ಯಾಂಡಿನ ಕಡೆ ತಿರುಗುತ್ತದೆ. ಮನೆಯ ನೆನಪು ಕಾಯಿಲೆಯಷ್ಟೇ ನಿಜ. ಅದಕ್ಕೆ ಕಾಯಿಲೆಯ ಹೆಸರು ಕೊಟ್ಟವರೂ ಒಬ್ಬ ವಿದ್ಯಾರ್ಥಿಯೇ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಯೋಹಾನೆಸ್ ಹೋಫರ್ ತನ್ನ ಪ್ರಬಂಧದಲ್ಲಿ ಗ್ರೀಕಿನ ಎರಡು ಪದ, ಮನೆಗೆ ಮರಳುವುದು ಮತ್ತು ನೋವು, ಸೇರಿಸಿ ನಾಸ್ಟಾಲ್ಜಿಯಾ ಅನ್ನುವ ಪದ ಕಟ್ಟಿದರು. ಅದರಲ್ಲಿ ಬರುವ ಒಬ್ಬ ರೋಗಿ ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದ ಹುಡುಗ. ದಿನಗಟ್ಟಲೆ ಜ್ವರ, ಎದೆಯಲ್ಲಿ ಸಂಕಟ, ಬದುಕುವುದಿಲ್ಲ ಅನ್ನುವ ಸ್ಥಿತಿ. ಇನ್ನು ಮನೆಗೇ ಕಳಿಸೋಣ ಅಂತ ಹೊರಡಿಸಿದರೆ, ಊರು ಮುಟ್ಟುವ ಮೊದಲೇ ಹುಡುಗ ದಾರಿಯಲ್ಲೇ ಹುಷಾರಾದ!

ಈ ಕಥೆ ಓದಿ ಮೊದಲು ನಕ್ಕೆ, ಆಮೇಲೆ ಸುಮ್ಮನಾದೆ. ಯಾಕೆಂದರೆ ವಾರ ವಾರ ಮನೆಗೆ ಹೋಗುವವರ ಪಾಡು ಇದೇ. ಬಸ್ಸು ಹತ್ತಿದ ಕೂಡಲೇ ಜೀವ ಬರುತ್ತದೆ, ಭಾನುವಾರ ಸಂಜೆ ಮತ್ತೆ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗೆ. ಪ್ರತಿ ವಾರವೂ ಮೊದಲ ದಿನವೇ. ಮೇಲಾಗಿ ಹೊಸ ಜಾಗದಲ್ಲಿ ಜನ ಹತ್ತಿರವಾಗುವುದು ಶನಿವಾರ ಭಾನುವಾರವೇ, ಬಟ್ಟೆ ಒಗೆಯುತ್ತಾ, ಗೊತ್ತುಗುರಿಯಿಲ್ಲದೆ ತಿರುಗುತ್ತಾ. ಆ ಎರಡು ದಿನ ನೀವಿಲ್ಲದಿದ್ದರೆ ಸೋಮವಾರ ಅವರು ನಗುವ ಜೋಕು ನಿಮಗೆ ಅರ್ಥವಾಗುವುದಿಲ್ಲ.

ರಜೆಗೆ ಮಾತ್ರ ಅಂತ ಒಮ್ಮೆಗೇ ಪಟ್ಟು ಹಿಡಿಯುವುದೂ ನನಗೆ ಹಿಡಿಸಲ್ಲ. ಅದು ಕೆಲವರಿಗೆ ಆಗುತ್ತದೆ, ಕೆಲವರು ಒಡೆದು ಹೋಗುತ್ತಾರೆ. ನಾಲ್ಕನೆಯದೋ ಐದನೆಯದೋ ವಾರಕ್ಕೆ ಒಂದು ತಾರೀಖು ಗೊತ್ತು ಮಾಡಿ, ಟಿಕೆಟ್ಟು ಮೊದಲೇ ತೆಗೆದಿಡಿ. ಕ್ಯಾಲೆಂಡರಿನಲ್ಲಿ ಒಂದು ಗುರುತು ಇದ್ದರೆ ಅಲ್ಲಿಯ ತನಕ ದಿನ ತಳ್ಳುವುದು ಅಷ್ಟು ಕಷ್ಟವಾಗುವುದಿಲ್ಲ.

ಫೋನೂ ಹಾಗೆಯೇ. ದಿನಾ ಮಾಡಿದರೆ ತಪ್ಪೇನಿಲ್ಲ, ಆದರೆ ಎಷ್ಟು ಹೊತ್ತು, ಯಾವಾಗ ಅನ್ನುವುದು ಮುಖ್ಯ. ರಾತ್ರಿ ಊಟದ ಹೊತ್ತಿಗೆ ಒಂದು ಗಂಟೆ ವಿಡಿಯೊ ಕಾಲ್ ಅಂದರೆ ಮೆಸ್ಸಿನ ಮೇಜಿನಲ್ಲಿ ಕಿವಿಗೆ ವಯರು ಸಿಕ್ಕಿಸಿಕೊಂಡು ಕೂತವರು ನೀವೇ. ಬೆಳಗ್ಗೆ ಕ್ಲಾಸಿಗೆ ನಡೆಯುತ್ತಾ ಹತ್ತು ನಿಮಿಷ ಮಾತಾಡಿ. ಬಾಗಿಲು ಬಂದರೆ ಮಾತು ತಾನಾಗಿಯೇ ಮುಗಿಯುತ್ತದೆ, ಇಡ್ತೀನಮ್ಮಾ ಅಂದರೆ ಅಮ್ಮನಿಗೂ ಬೇಜಾರಿಲ್ಲ. ಇನ್ನೊಂದು ಮಾತು, ಅತ್ತುಕೊಂಡು ಫೋನು ಮಾಡಿದ ಮೇಲೆ ಸಮಾಧಾನವಾದಾಗಲೂ ಒಂದು ಮೆಸೇಜು ಹಾಕಿ. ನೀವು ಅರ್ಧ ಗಂಟೆಯಲ್ಲಿ ಮರೆತು ಆಟಕ್ಕೆ ಹೋಗಿರುತ್ತೀರಿ, ಅಲ್ಲಿ ಮನೆಯಲ್ಲಿ ಬೆಳಗಿನ ತನಕ ಯಾರೂ ಮಲಗಿರುವುದಿಲ್ಲ.

ಎಲ್ಲ ಗುಂಪಿಗೂ ಸೇರುವುದಾ, ಒಂದೆರಡಕ್ಕೆ ಸಾಕಾ?

ಮೊದಲ ವಾರ ಎಲ್ಲದಕ್ಕೂ ಹೋಗಿ ನೋಡಿ, ಎರಡನೇ ತಿಂಗಳಿಗೆ ಎರಡು ಉಳಿಸಿಕೊಳ್ಳಿ. ಉಳಿಸಿಕೊಳ್ಳುವಾಗ ವಾರ ವಾರ ಸೇರುವ ಗುಂಪಿಗೆ ಮೊದಲ ಮಣೆ. ವರ್ಷಕ್ಕೊಂದು ದೊಡ್ಡ ಕಾರ್ಯಕ್ರಮ ಮಾಡುವ ಗುಂಪಿನಲ್ಲಿ ನೂರು ಜನರ ನಂಬರು ಸಿಗುತ್ತದೆ, ಮುಖ ಒಂದೂ ನೆನಪಿರುವುದಿಲ್ಲ.

ಮಾತಾಡಿ ಬಂದ ಮೇಲೆ "ಥೂ, ಏನೇನೋ ಮಾತಾಡಿಬಿಟ್ಟೆ, ಅವರು ಏನಂದುಕೊಂಡರೋ" ಅಂತ ರಾತ್ರಿಯಿಡೀ ತಲೆ ಕೆಡಿಸಿಕೊಳ್ಳುತ್ತೀರಾ? ಮನಶ್ಶಾಸ್ತ್ರಜ್ಞೆ ಎರಿಕಾ ಬೂತ್ಬಿ ಮತ್ತು ಜೊತೆಗಾರರು 2018ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಮೊದಲ ಸಲ ಮಾತಾಡಿದವರಲ್ಲಿ ಹೆಚ್ಚಿನವರು ಎದುರಿನವರಿಗೆ ತಾವು ಎಷ್ಟು ಹಿಡಿಸಿದೆವು ಅನ್ನುವುದನ್ನು ಕಡಿಮೆಯಾಗಿಯೇ ಅಂದಾಜು ಮಾಡುತ್ತಾರೆ. ಒಂದೇ ಕಡೆ ಇರುವ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಂತೂ ಈ ತಪ್ಪು ಅಂದಾಜು ತಿಂಗಳುಗಟ್ಟಲೆ ಉಳಿದಿತ್ತು. ಅಂದರೆ ನಿಮ್ಮ ಪಕ್ಕದ ರೂಮಿನವರೂ ಈಗ ಚಾವಣಿ ನೋಡುತ್ತಾ ನಿಮ್ಮ ಬಗ್ಗೆ ಹೀಗೇ ಯೋಚಿಸುತ್ತಾ ಮಲಗಿರಬಹುದು, ಅಲ್ವಾ?

ಬದಲಾಯಿಸುವುದಾ, ತಡೆದುಕೊಳ್ಳುವುದಾ?

ಬೇಸರಕ್ಕೆ ಸಮಯ ಕೊಡಿ, ಭಯಕ್ಕೆ ಕೊಡಬೇಡಿ. ಊಟ ಸೇರುವುದಿಲ್ಲ, ಜನ ಹೊಂದುವುದಿಲ್ಲ, ಸಂಜೆಯಾದರೆ ಅಳು ಬರುತ್ತದೆ, ಇವಕ್ಕೆ ಒಂದು ಸೆಮಿಸ್ಟರ್ ಕಾಯಬಹುದು, ಬಹಳ ಸಲ ಅಷ್ಟರಲ್ಲಿ ಕಡಿಮೆಯಾಗುತ್ತದೆ. ಆದರೆ ರೂಮಿನಲ್ಲಿ ಬೆದರಿಕೆ, ಹಿರಿಯರ ಕಿರುಕುಳ, ಬಾಗಿಲಿಗೆ ಸರಿಯಾದ ಚಿಲಕ ಇಲ್ಲದಿರುವುದು, ವಾರಗಟ್ಟಲೆ ನಿದ್ದೆ ಊಟ ಎರಡೂ ಬಿಟ್ಟುಹೋಗಿರುವುದು, ಬದುಕೇ ಬೇಡ ಅನ್ನಿಸುವುದು, ಇವಕ್ಕೆ ಒಂದು ದಿನವೂ ಕಾಯಬೇಡಿ. ವಾರ್ಡನ್, ಆಪ್ತ ಸಮಾಲೋಚಕರು, ಮನೆಯವರು, ಯಾರು ಮೊದಲು ಸಿಗುತ್ತಾರೋ ಅವರಿಗೆ ಹೇಳಿ. ಮೊದಲನೆಯವರು ಕಿವಿಗೆ ಹಾಕಿಕೊಳ್ಳದಿದ್ದರೆ ಎರಡನೆಯವರಿಗೆ.

ನಾನು ರೂಮು ಬಿಡುತ್ತೇನೆ ಅಂತ ಮನೆಯಲ್ಲಿ ಹೇಳಲು ಮೂರು ವಾರ ಹಿಂದೆ ಮುಂದೆ ನೋಡಿದ್ದೆ, ಹಟ ಹಿಡಿದು ಕೇಳಿ ತೆಗೆದುಕೊಂಡಿದ್ದಲ್ಲವಾ. ಕೊನೆಗೆ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು, "ಸಾಮಾನು ಸಾಗಿಸೋಕೆ ನಾನು ಶನಿವಾರ ಬರಲಾ, ಭಾನುವಾರ ಬರಲಾ?"